ಬುನೇರ್

ಪಾಕಿಸ್ತಾನದ ಖೈಬರ್ ಪಖ್ತೂನ್‌ಖ್ವಾ ಪ್ರಾಂತ್ಯದ ಮಲಾಕಂಡ್ ವಿಭಾಗಕ್ಕೆ ಸೇರಿದ ಗುಡ್ಡಗಾಡು ಜಿಲ್ಲೆ. ವಿಸ್ತೀರ್ಣ ಸುಮಾರು 1,865 ಚ.ಕಿ.ಮೀ.; ಜನಸಂಖ್ಯೆ ಹತ್ತು ಲಕ್ಷದ ಆಸುಪಾಸು; ಆಡಳಿತ ಕೇಂದ್ರ ಡಗ್ಗರ್. ಉತ್ತರಕ್ಕೆ ಸ್ವಾತ್, ದಕ್ಷಿಣಕ್ಕೆ ಮರ್ದಾನ್ ಮತ್ತು ಸ್ವಾಬಿ. ಸುತ್ತಲೂ ಬೆಟ್ಟಸಾಲು, ನಡುವಿನ ಕಣಿವೆಗಳ ನೀರನ್ನು ಬರಂದು ಹೊಳೆ ಸಿಂಧೂ ನದಿಗೆ ಒಯ್ಯುತ್ತದೆ. ಒಳಗೆ ಕಾಲಿಡಬೇಕಾದರೆ ಕರಾಕರ್, ಮಲಂದರಿ, ಅಂಬೇಲಾದಂಥ ಘಾಟಿಗಳನ್ನು ದಾಟಲೇಬೇಕು. ಬುನೇರ್‌ನ ಚರಿತ್ರೆಯ ದೊಡ್ಡ ಘಟನೆಗಳು ನಡೆದದ್ದೂ ಈ ಘಾಟಿಗಳಲ್ಲೇ.

ಇಲ್ಲಿನ ಬಹುಸಂಖ್ಯಾತರು ಯೂಸುಫ್‌ಝೈ ಪಖ್ತೂನರು. 16ನೆಯ ಶತಮಾನದಲ್ಲಿ ಈ ಸೀಮೆಯಲ್ಲಿ ನೆಲೆಯೂರಿದ ಅವರು ಭೂಮಿಯನ್ನು ಯಾರೊಬ್ಬರ ಕಾಯಂ ಸ್ವತ್ತಾಗಲು ಬಿಡಲಿಲ್ಲ. ಶೇಖ್ ಮಲ್ಲಿ ರೂಪಿಸಿದನೆನ್ನಲಾದ ‘ವೇಶ್’ ಪದ್ಧತಿಯಂತೆ ಕೆಲವು ವರ್ಷಗಳಿಗೊಮ್ಮೆ ಹೊಲಗಳನ್ನು ಚೀಟಿ ಎತ್ತಿ ಮತ್ತೆ ಹಂಚುತ್ತಿದ್ದರು. ನೀರಾವರಿಯ ಒಳ್ಳೆಯ ನೆಲವೂ ಇಳಿಜಾರಿನ ಕಲ್ಲುಭೂಮಿಯೂ ಸರದಿಯಂತೆ ಎಲ್ಲ ಕವಲುಗಳ ಪಾಲಿಗೂ ಬರಬೇಕೆಂಬುದೇ ಇದರ ಉದ್ದೇಶ. ಚೀಟಿ ಬಿದ್ದ ಕಡೆಗೆ ಕುಟುಂಬಗಳು ಸಾಮಾನು ಸರಂಜಾಮಿನೊಂದಿಗೆ ಊರು ಬದಲಿಸುತ್ತಿದ್ದವು. ನಾಳೆ ಬಿಟ್ಟುಹೋಗುವ ನೆಲದಲ್ಲಿ ಹಣ್ಣಿನ ಮರ ನೆಡಲು, ಗಟ್ಟಿ ಮನೆ ಕಟ್ಟಲು ಯಾರಿಗೂ ಮನಸ್ಸಾಗುತ್ತಿರಲಿಲ್ಲ. ಈ ಸಮಾನತೆಗೂ ಒಂದು ಎಲ್ಲೆಯಿತ್ತು: ಪಾಲು ಸಿಗುತ್ತಿದ್ದುದು ಹಕ್ಕುದಾರ ಪಖ್ತೂನರಿಗೆ ಮಾತ್ರ. ಅವರ ಹೊಲ ಉಳುತ್ತಿದ್ದ ಗೇಣಿದಾರರು, ಕುಶಲಕರ್ಮಿಗಳು, ಬೆಟ್ಟದ ಗುಜ್ಜರ್ ದನಗಾಹಿಗಳು ಆ ಲೆಕ್ಕಕ್ಕೆ ಬರುತ್ತಿರಲಿಲ್ಲ.

ಕನ್ನಡದ ಮಕ್ಕಳೂ ಕಥೆಗಳಲ್ಲಿ ಬಲ್ಲ ಬೀರಬಲ್ಲನ ಅಂತ್ಯವಾದದ್ದು ಈ ಬೆಟ್ಟಗಳಲ್ಲಿ. 1586ರಲ್ಲಿ ಯೂಸುಫ್‌ಝೈಗಳನ್ನು ಅಡಗಿಸಲು ಅಕ್ಬರನು ಝೈನ್ ಖಾನ್ ಕೋಕಾನನ್ನೂ ಅವನ ನೆರವಿಗೆ ಬೀರಬಲ್ಲನನ್ನೂ ಕಳಿಸಿದ. ಸೇನಾನಿಗಳಲ್ಲೇ ಒಮ್ಮತವಿರಲಿಲ್ಲ. ಹಿಂದಿರುಗುವಾಗ ಇಕ್ಕಟ್ಟಾದ ಘಾಟಿಯಲ್ಲಿ ಮೇಲಿನಿಂದ ಬಾಣ, ಬಂಡೆಗಳ ಮಳೆಯಾಗಿ ಸೇನೆ ಚೆಲ್ಲಾಪಿಲ್ಲಿಯಾಯಿತು. ಸತ್ತವರು ಎಂಟು ಸಾವಿರವೆಂದು ಆ ಕಾಲದ ಬರಹಗಳು ಹೇಳುತ್ತವೆ. ಬೀರಬಲ್ಲನ ಶವವೂ ಸಿಗಲಿಲ್ಲ.

ಬ್ರಿಟಿಷರಿಗೂ ಇದೇ ಬಗೆಯ ಅನುಭವವಾಯಿತು. 1863ರಲ್ಲಿ, ಜಿಹಾದಿ ನಾಯಕ ಸಯ್ಯದ್ ಅಹ್ಮದ್ ಬರೇಲ್ವಿಯ ಅನುಯಾಯಿಗಳ ನೆಲೆಯಾಗಿದ್ದ ಮಲ್ಕಾವನ್ನು ನಾಶಮಾಡಲು ಸೇನಾನಿ ನೆವಿಲ್ ಚೇಂಬರ್ಲಿನ್ ಸುಮಾರು ಐದು ಸಾವಿರ ಸೈನಿಕರೊಂದಿಗೆ ಅಂಬೇಲಾ ಘಾಟಿ ಹೊಕ್ಕ. ಬುನೇರಿನವರು ಸುಮ್ಮನಿರುವರೆಂಬ ಅವನ ಎಣಿಕೆ ತಪ್ಪಿತು. ಸ್ವಾತ್‌ನ ಧರ್ಮಗುರು ಅಖುಂದ್ ಅಬ್ದುಲ್ ಗಫೂರ್ ಸಹ ಅವರ ಜೊತೆ ನಿಂತ. ಕ್ರಾಗ್ ಪಿಕೆಟ್ ಎಂಬ ಬಂಡೆಗುಡ್ಡ ಪದೇಪದೇ ಕೈಬದಲಾಯಿತು. ಚೇಂಬರ್ಲಿನ್ ಸ್ವತಃ ಗಾಯಗೊಂಡ. ಹೆಚ್ಚಿನ ಪಡೆ ಬಂದು ಡಿಸೆಂಬರಿನಲ್ಲಿ ಬುನೇರಿನವರು ರಾಜಿಗೆ ಒಪ್ಪಿದ ಮೇಲೆಯೇ ಮಲ್ಕಾ ಸುಟ್ಟುಹೋಯಿತು.

ಹೊರಗಿನ ಸೈನ್ಯಗಳಿಗೆ ಬಗ್ಗದ ವೇಶ್ ಪದ್ಧತಿಯನ್ನು ಕೊನೆಗಾಣಿಸಿದವನು ಆ ಅಖುಂದನ ಮೊಮ್ಮಗ ಮಿಯಾಂಗುಲ್ ಅಬ್ದುಲ್ ವದೂದ್. 1920ರ ದಶಕದಲ್ಲಿ ಅವನು ಬುನೇರನ್ನು ತನ್ನ ಸ್ವಾತ್ ಸಂಸ್ಥಾನಕ್ಕೆ ಸೇರಿಸಿಕೊಂಡು, ಭೂಮಿಯನ್ನು ಕಾಯಂ ಆಗಿ ಹಂಚಿದ. 1969ರಲ್ಲಿ ಸಂಸ್ಥಾನ ಪಾಕಿಸ್ತಾನದ ಆಡಳಿತದಲ್ಲಿ ವಿಲೀನವಾಯಿತು. 1991ರಲ್ಲಿ ಬುನೇರ್ ಪ್ರತ್ಯೇಕ ಜಿಲ್ಲೆಯಾಯಿತು.

ಗೋಧಿ, ಮೆಕ್ಕೆಜೋಳ ಮುಖ್ಯ ಬೆಳೆಗಳು. ಅಮೃತಶಿಲೆಯ ಗಣಿಗಳೂ ಕಲ್ಲು ಕೊಯ್ಯುವ ಕಾರ್ಖಾನೆಗಳೂ ಬಹಳ ಮಂದಿಗೆ ಕೂಲಿ ಕೊಡುತ್ತವೆ. 16ನೆಯ ಶತಮಾನದ ಸೂಫಿ ಸಂತ ಸಯ್ಯದ್ ಅಲಿ ತಿರ್ಮಿಝಿಯನ್ನು ಜನ ಪೀರ್ ಬಾಬಾ ಎನ್ನುತ್ತಾರೆ. ಅವರ ದರ್ಗಾಕ್ಕೆ ದೂರದೂರದಿಂದ ಭಕ್ತರು ಬರುತ್ತಾರೆ. ಸ್ವಾತ್ ಗಡಿಯ ಈಲಂ ಶಿಖರ (2,811 ಮೀ.) ವನವಾಸದಲ್ಲಿ ರಾಮ ತಂಗಿದ ತಾಣವೆಂಬುದು ಹಿಂದೂಗಳ ನಂಬಿಕೆ. ಪಶ್ತೋ ಮನೆಮಾತಾಗಿರುವ ಸಿಖ್, ಹಿಂದೂ ಕುಟುಂಬಗಳು ಇಂದಿಗೂ ಇಲ್ಲಿವೆ. 2024ರಲ್ಲಿ ಹಿಂದೂ ವೈದ್ಯೆ ಸವೀರಾ ಪ್ರಕಾಶ್ ಇಲ್ಲಿನ ಸಾಮಾನ್ಯ ಕ್ಷೇತ್ರದಿಂದ ಪ್ರಾಂತೀಯ ಶಾಸನಸಭೆಗೆ ಸ್ಪರ್ಧಿಸಿದ್ದು ಗಮನಾರ್ಹ.

2008ರಲ್ಲಿ ಶಲ್‌ಬಂಡಿ ಗ್ರಾಮಸ್ಥರು ತಾಲಿಬಾನಿಗಳನ್ನು ತಾವೇ ಎದುರಿಸಿ ಕೊಂದರು. ಅದಕ್ಕೆ ಪ್ರತೀಕಾರವಾಗಿ ಡಿಸೆಂಬರಿನಲ್ಲಿ ಮತಗಟ್ಟೆಯಾಗಿದ್ದ ಶಾಲೆಯ ಬಳಿ ನಡೆದ ಆತ್ಮಾಹುತಿ ದಾಳಿಗೆ ಮೂವತ್ತಕ್ಕೂ ಹೆಚ್ಚು ಮಂದಿ ಬಲಿಯಾದರು. 2009ರ ಏಪ್ರಿಲಿನಲ್ಲಿ ತಾಲಿಬಾನ್ ಜಿಲ್ಲೆಯನ್ನು ಹಿಡಿದಾಗ ಸೇನೆ ಕಾರ್ಯಾಚರಣೆಗಿಳಿಯಿತು. ಅಸಂಖ್ಯ ಕುಟುಂಬಗಳು ಮರ್ದಾನ್, ಸ್ವಾಬಿಗಳತ್ತ ಗುಳೆ ಹೋದವು. 2025ರ ಆಗಸ್ಟ್ 15ರಂದು ಸುರಿದ ಕುಂಭದ್ರೋಣ ಮಳೆಗೆ ಹಳ್ಳಗಳು ಬಂಡೆಗಳನ್ನು ಉರುಳಿಸಿಕೊಂಡು ಬಂದು ಬಿಶೋನೈ, ದರ್ಗಾವಿರುವ ಪೀರ್ ಬಾಬಾ ಊರು ಮೊದಲಾದ ಕಡೆ ಮನೆಗಳನ್ನು ಕೊಚ್ಚಿದವು. ಈ ಜಿಲ್ಲೆಯೊಂದರಲ್ಲೇ 200ಕ್ಕೂ ಹೆಚ್ಚು ಜನ ಸತ್ತರು.