ತಾರಾಮತಿಯ ವೇಷಧಾರಿ ಅಣ್ಣಾ ಸಾಳುಂಕೆ

ಭಾರತೀಯ ಮೂಕಿಚಿತ್ರಗಳ ಚರಿತ್ರಕಾರರು ದಾದಾಸಾಹೇಬ್ ಫಾಲ್ಕೆಯವರಿಗೆ ಅಧ್ಯಾಯಗಳನ್ನೇ ಮೀಸಲಿಟ್ಟು, ಅಣ್ಣಾ ಸಾಳುಂಕೆಯವರನ್ನು ಸ್ವಾರಸ್ಯದ ಒಂದು ಪ್ರಸಂಗವಾಗಿ ಮಾತ್ರ ನೆನೆಯುವುದುಂಟು. ‘ರಾಜಾ ಹರಿಶ್ಚಂದ್ರ’ (1913) ಚಿತ್ರದ ತಾರಾಮತಿಯ ಪಾತ್ರಕ್ಕೆ ವೇಶ್ಯಾವೃತ್ತಿಯವರೂ ಒಪ್ಪದಿದ್ದಾಗ, ಮುಂಬಯಿಯ ಗ್ರಾಂಟ್ ರೋಡಿನ ಉಪಾಹಾರಗೃಹವೊಂದರಲ್ಲಿ ಅಡುಗೆ ಕೆಲಸಕ್ಕಿದ್ದ ಈ ತರುಣನನ್ನು ಫಾಲ್ಕೆ ತಿಂಗಳಿಗೆ 15 ರೂಪಾಯಿ ಸಂಬಳದ ಮೇಲೆ ಕರೆತಂದರೆಂಬುದು ಆ ವೃತ್ತಾಂತ. ಅಲ್ಲಿ ಅವರಿಗೆ ದೊರೆಯುತ್ತಿದ್ದುದು 10 ರೂಪಾಯಿ ಎನ್ನುತ್ತಾರೆ.

ಆದರೆ ಇದನ್ನು ಕೇವಲ ಅನಿವಾರ್ಯತೆಯೆಂದು ವಿವರಿಸಿ ಮುಗಿಸಲಾಗದು. ‘ಮೋಹಿನಿ ಭಸ್ಮಾಸುರ’ದಲ್ಲಿ ದುರ್ಗಾಬಾಯಿ ಕಾಮತ್ ಮತ್ತು ಅವರ ಮಗಳು ಕಮಲಾಬಾಯಿ ಅಭಿನಯಿಸಿದ ತರುವಾಯವೂ, 1917ರ ‘ಲಂಕಾದಹನ’ದ ಸೀತೆಯ ಪಾತ್ರ ಸಾಳುಂಕೆಯವರಿಗೇ ಸಂದಿತು. ರಾಮನೂ ಅವರೇ. ಭಾರತೀಯ ಚಲನಚಿತ್ರದ ಮೊದಲ ದ್ವಿಪಾತ್ರವೆಂದು ಇದನ್ನು ಗುರುತಿಸುವವರು ಕ್ಯಾಮರಾದ ಚಮತ್ಕಾರವನ್ನಷ್ಟೇ ಕಾಣುತ್ತಾರೆ. ನಮ್ಮ ಯಕ್ಷಗಾನ, ದೊಡ್ಡಾಟಗಳ ಪರಿಚಯವುಳ್ಳವರಿಗೆ ಇದು ಬೇರೆಯಾಗಿಯೇ ತೋರಬೇಕು: ಅಲ್ಲಿ ಸ್ತ್ರೀವೇಷವು ನಟಿಯ ಅಭಾವವನ್ನು ತುಂಬುವ ಉಪಾಯವಲ್ಲ, ಕಲಿತು ಸಿದ್ಧಿಸಿಕೊಳ್ಳುವ ವಿದ್ಯೆ; ಒಬ್ಬನೇ ಕಲಾವಿದ ಒಂದೇ ರಾತ್ರಿ ಎರಡು ವೇಷ ಕಟ್ಟುವುದೂ ಅಲ್ಲಿ ಹೊಸತಲ್ಲ.

ಆಟದ ಸ್ತ್ರೀವೇಷಕ್ಕೆ ಭಾಗವತಿಕೆಯ ಆಸರೆಯಿದೆ. ಸಮಕಾಲೀನ ಮರಾಠಿ ರಂಗಭೂಮಿಯ ಬಾಲಗಂಧರ್ವರಿಗೆ ಕಂಠವಿತ್ತು. ಸಾಳುಂಕೆಯವರಿಗೆ ಇದ್ದುದು ನಿಲುವು, ನಡಿಗೆ, ಕಣ್ಣು ಮಾತ್ರ. ಹಾಡಿಲ್ಲದ ಸ್ತ್ರೀವೇಷ ಎಂಬ ಈ ಅಪರೂಪದ ಸ್ಥಿತಿ ಇನ್ನೂ ಸಮರ್ಪಕವಾಗಿ ಅಧ್ಯಯನಕ್ಕೊಳಗಾಗಬೇಕಿದೆ.

ಮುಂದೆ ಅವರು ಬಣ್ಣ ಕಳಚಿ ಛಾಯಾಗ್ರಾಹಕರಾದರು. ಮೂಕಿಯುಗದ ಹಲವು ಚಿತ್ರಗಳನ್ನು ಕ್ಯಾಮರಾದ ಹಿಂದೆ ನಿಂತು ಚಿತ್ರೀಕರಿಸಿದರು.