ಮುಧೋಳದಿಂದ ಧಾರವಾಡ ಪೀಠದವರೆಗೆ: ಲೈಂಗಿಕ ಅಪರಾಧ ಕಾನೂನು ನಡೆದುಬಂದ ದಾರಿ

ರನ್ನ ಬೆಳಗಲಿಯ ಒಂದು ಮನೆಯಿಂದ ಲೈಂಗಿಕ ಅಪರಾಧದ ದೂರು ಹೊರಟರೆ ಅದು ಮುಧೋಳ ತಾಲ್ಲೂಕಿನ ಪೊಲೀಸರ ಕೈ ಸೇರುತ್ತದೆ. ಬಾಗಲಕೋಟೆ ಜಿಲ್ಲೆಯ ಸೆಷನ್ಸ್ ಅಥವಾ ವಿಶೇಷ ನ್ಯಾಯಾಲಯದಲ್ಲಿ ವಿಚಾರಣೆ ನಡೆಯುತ್ತದೆ. ಮೇಲ್ಮನವಿ ಧಾರವಾಡದ ಹೈಕೋರ್ಟ್ ಪೀಠಕ್ಕೆ ಹೋಗುತ್ತದೆ. 2008ರ ಜುಲೈಗಿಂತ ಮೊದಲು ಆ ಕೊನೆಯ ಮೆಟ್ಟಿಲಿಗೆ ಬೆಂಗಳೂರಿಗೇ ಹೋಗಬೇಕಿತ್ತು. ದಾರಿ ಹತ್ತಿರವಾಯಿತು. ಆದರೆ ಕಳೆದ ನಲವತ್ತು ವರ್ಷಗಳಲ್ಲಿ ಕಾನೂನೇ ಎಷ್ಟು ಬದಲಾಗಿದೆ ಎಂಬುದು ದೂರು ಕೊಡುವ ಎಷ್ಟೋ ಮಂದಿಗೂ ತಿಳಿದಿಲ್ಲ, ಆರೋಪ ಹೊತ್ತವರಿಗೂ ತಿಳಿದಿಲ್ಲ. ಹೆಣ್ಣಿನ ನಡತೆ ಕೆದಕಿದರೆ ಕೇಸು ಬಿದ್ದುಹೋಗುತ್ತದೆ ಎಂದು ನಂಬಿದವರು ಇನ್ನೂ ಇದ್ದಾರೆ. ಹಿರಿಯರು ಕೂತು ರಾಜಿ ಮಾಡಿದರೆ ಮುಗಿಯಿತು ಎನ್ನುವವರೂ ಇದ್ದಾರೆ. ಇವೆರಡೂ ಇಂದು ನಿಲ್ಲುವ ಮಾತುಗಳಲ್ಲ.

ಈ ಸೀಮೆಯಲ್ಲಿ ಕಾನೂನು ಒಂದೇ ಆಗಿ ಬಂದದ್ದೂ ಅಲ್ಲ. ಮುಧೋಳ ಘೋರ್ಪಡೆಯವರ ಸಂಸ್ಥಾನ, ಜಮಖಂಡಿ ಪಟವರ್ಧನರ ಸಂಸ್ಥಾನ, ಬೀಳಗಿ ಬ್ರಿಟಿಷರ ವಿಜಾಪುರ ಜಿಲ್ಲೆಗೆ ಸೇರಿದ್ದು. ದೇವದಾಸಿ ಪದ್ಧತಿ ತಡೆಯಲು ಮುಂಬಯಿ ಸರ್ಕಾರ 1934ರಲ್ಲಿ ಮಾಡಿದ ಕಾಯ್ದೆ ಬೀಳಗಿಗೆ ಅನ್ವಯಿಸುತ್ತಿತ್ತು. ಪಕ್ಕದ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದದ್ದು 1948ರಲ್ಲಿ. ಕರ್ನಾಟಕ ತನ್ನದೇ ದೇವದಾಸಿ ಸಮರ್ಪಣಾ ನಿಷೇಧ ಕಾಯ್ದೆ ರೂಪಿಸಿದ್ದು 1982ರಲ್ಲಿ. ಹುಡುಗಿಯನ್ನು ದೇವದಾಸಿಯಾಗಿ ಸಮರ್ಪಿಸಲು ಮುತ್ತು ಕಟ್ಟುವವರಿಗೆ ಮೂರು ವರ್ಷದವರೆಗೆ ಸೆರೆವಾಸ. ಕಟ್ಟಿಸುವವರು ತಂದೆ ತಾಯಿ ಅಥವಾ ಬಂಧುಗಳೇ ಆಗಿದ್ದರೆ ಎರಡರಿಂದ ಐದು ವರ್ಷ. ಆದರೂ ಪದ್ಧತಿ ಗುಟ್ಟಾಗಿ ಉಳಿಯಿತು. ದೇವದಾಸಿ ತಾಯಂದಿರ ಮಕ್ಕಳ ಹಕ್ಕನ್ನೂ ಒಳಗೊಂಡ ಹೊಸ ಮಸೂದೆಗೆ ವಿಧಾನಮಂಡಲ ಒಪ್ಪಿಗೆ ಕೊಟ್ಟದ್ದು 2025ರಲ್ಲಿ. ಮುತ್ತು ಕಟ್ಟಿಸಿಕೊಂಡ ಹುಡುಗಿ 18 ತುಂಬದವಳಾಗಿದ್ದು ಯಾರಾದರೂ ಅವಳನ್ನು ಮುಟ್ಟಿದರೆ ಅದಕ್ಕೆ ಈಗ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆ ಇದೆ. ಸಂಪ್ರದಾಯದ ನೆಪ ಅಲ್ಲಿ ನಡೆಯದು.

ಅತ್ಯಾಚಾರದ ಕಾನೂನಿನಲ್ಲಿ ಮೊದಲಿಂದಲೂ ಬೆಳೆಯುತ್ತ ಬಂದದ್ದು ಒಪ್ಪಿಗೆಯ ವಯಸ್ಸು. 1860ರ ಭಾರತೀಯ ದಂಡ ಸಂಹಿತೆ ಅದನ್ನು 10ಕ್ಕೆ ಇಟ್ಟಿತ್ತು. 1891ರಲ್ಲಿ 12, 1925ರಲ್ಲಿ 14, ಸ್ವಾತಂತ್ರ್ಯದ ಬಳಿಕ 1949ರಲ್ಲಿ 16 ಆಯಿತು. ಆ ಗೆರೆ ಅರವತ್ತು ವರ್ಷಕ್ಕೂ ಮಿಕ್ಕಿ ಅಲ್ಲೇ ನಿಂತಿತು.

ಈ ನಡುವೆ ಪ್ರಶ್ನೆ ಬೇರೆ ಕಡೆ ಹೊರಳಿತು. 1972ರಲ್ಲಿ ಮಹಾರಾಷ್ಟ್ರದ ದೇಸಾಯಿಗಂಜ್ ಪೊಲೀಸ್ ಠಾಣೆಯಲ್ಲೇ ಒಬ್ಬ ಆದಿವಾಸಿ ಹುಡುಗಿಯ ಮೇಲೆ ಪೊಲೀಸರು ಅತ್ಯಾಚಾರ ಮಾಡಿದರೆಂಬ ಪ್ರಕರಣದಲ್ಲಿ ಹೈಕೋರ್ಟ್ ಕೊಟ್ಟ ಶಿಕ್ಷೆಯನ್ನು ಸುಪ್ರೀಂ ಕೋರ್ಟ್ 1978ರಲ್ಲಿ ರದ್ದುಮಾಡಿತು. ಮೈಮೇಲೆ ಗಾಯವಿಲ್ಲ, ಆಕೆ ಕೂಗಲಿಲ್ಲ, ಹಾಗಾಗಿ ಒಪ್ಪಿದ್ದಳು ಎಂಬ ತರ್ಕ ಅದು. ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್, ವಸುಧಾ ಧಾಗಮ್ವಾರ್, ರಘುನಾಥ ಕೇಳ್ಕರ್ ಎಂಬ ನಾಲ್ವರು ಕಾನೂನು ಅಧ್ಯಾಪಕರು ಮುಖ್ಯ ನ್ಯಾಯಮೂರ್ತಿಗೆ ಬಹಿರಂಗ ಪತ್ರ ಬರೆದರು. ಸುಮ್ಮನಿದ್ದರೆ ಒಪ್ಪಿದಂತಲ್ಲ ಎಂಬುದು ಅವರ ವಾದದ ಸಾರ. ದೇಶದಾದ್ಯಂತ ಮಹಿಳಾ ಸಂಘಟನೆಗಳು ಬೀದಿಗಿಳಿದವು. 1983ರ ತಿದ್ದುಪಡಿ ಬಂತು: ಪೊಲೀಸ್ ವಶದಲ್ಲಿ ನಡೆದ ಕೃತ್ಯದಲ್ಲಿ ಹೆಣ್ಣು ಒಪ್ಪಲಿಲ್ಲ ಎಂದರೆ ನ್ಯಾಯಾಲಯ ಅದನ್ನೇ ಪೂರ್ವಭಾವನೆಯಾಗಿ ಹಿಡಿಯಬೇಕು, ವಿಚಾರಣೆ ಮುಚ್ಚಿದ ಕೋಣೆಯಲ್ಲಿ ಆಗಬೇಕು, ಸಂತ್ರಸ್ತೆಯ ಹೆಸರು ಹೊರಹಾಕುವುದು ಅಪರಾಧ. ಆಕೆ ಸಾಮಾನ್ಯವಾಗಿ ಕೆಟ್ಟ ನಡತೆಯವಳು ಎಂದು ತೋರಿಸಿ ಆಕೆಯ ಸಾಕ್ಷ್ಯವನ್ನು ಹಳಿಯಲು ಅವಕಾಶ ಕೊಟ್ಟಿದ್ದ ಹಳೆಯ ಕಲಮನ್ನು ಕಿತ್ತುಹಾಕಲು ಮಾತ್ರ 2002ರ ತಿದ್ದುಪಡಿಯವರೆಗೆ ಕಾಯಬೇಕಾಯಿತು. ಸಂತ್ರಸ್ತೆಗೆ ಮೊದಲೇ ಲೈಂಗಿಕ ಸಂಬಂಧವಿತ್ತೇ ಎಂದು ನೋಡಲು ವೈದ್ಯರು ಮಾಡುತ್ತಿದ್ದ ಎರಡು ಬೆರಳಿನ ಪರೀಕ್ಷೆಯನ್ನು ಸುಪ್ರೀಂ ಕೋರ್ಟ್ 2013ರಲ್ಲಿ ಖಂಡಿಸಿತು. 2022ರಲ್ಲಿ ಅದನ್ನು ಮಾಡುವ ವೈದ್ಯರು ದುರ್ನಡತೆಯ ತಪ್ಪಿತಸ್ಥರು ಎಂದಿತು.

ಕರ್ನಾಟಕದಿಂದ ಹೋದ ಮೂರು ಪ್ರಕರಣಗಳೂ ಈ ಕಾನೂನಿನಲ್ಲಿ ಗುರುತು ಉಳಿಸಿವೆ. ಪುಟ್ಟ ಬಾಲಕಿಯೊಬ್ಬಳ ಮೇಲಿನ ಅತ್ಯಾಚಾರಕ್ಕೆ ವಿಚಾರಣಾ ನ್ಯಾಯಾಲಯ ಕೊಟ್ಟ 10 ವರ್ಷದ ಶಿಕ್ಷೆಯನ್ನು ಹೈಕೋರ್ಟ್ 4ಕ್ಕೆ ಇಳಿಸಿತ್ತು. ಸುಪ್ರೀಂ ಕೋರ್ಟ್ 2000ದಲ್ಲಿ ಮತ್ತೆ 10ಕ್ಕೇರಿಸಿ, ಆರೋಪಿಯ ಸಾಮಾಜಿಕ ಹಿನ್ನೆಲೆ ಶಿಕ್ಷೆ ಇಳಿಸಲು ಕಾರಣವಾಗದು ಎಂದಿತು. 2003ರದು ಮದುವೆಯ ಭರವಸೆಯ ಪ್ರಕರಣ. ಹುಡುಗಿಗೆ 19 ವರ್ಷ, ಇಬ್ಬರದೂ ಬೇರೆ ಬೇರೆ ಜಾತಿ, ಮದುವೆ ಕಷ್ಟವೆಂಬುದು ಆಕೆಗೂ ಗೊತ್ತಿತ್ತು. ಮಾತು ಕೊಟ್ಟು ತಪ್ಪಿದ್ದೆಲ್ಲ ಅತ್ಯಾಚಾರವಲ್ಲ ಎಂದು ನ್ಯಾಯಾಲಯ ಆರೋಪಿಯನ್ನು ಬಿಟ್ಟಿತು. ಮೊದಲಿಂದಲೇ ಮೋಸದ ಉದ್ದೇಶವಿತ್ತೇ, ಆಮೇಲೆ ಮನಸ್ಸು ಬದಲಾಯಿತೇ ಎಂಬ ಭೇದ ಅಲ್ಲಿಂದ ಗಟ್ಟಿಯಾಯಿತು. ದಂಡ ಸಂಹಿತೆಯ ಜಾಗಕ್ಕೆ ಬಂದಿರುವ ಈಗಿನ ಭಾರತೀಯ ನ್ಯಾಯ ಸಂಹಿತೆಯ 69ನೇ ಕಲಮು ಮೋಸದ ಭರವಸೆಯನ್ನು ಬೇರೆಯೇ ಅಪರಾಧವಾಗಿಸಿ 10 ವರ್ಷದವರೆಗೆ ಶಿಕ್ಷೆ ಇಟ್ಟಿದೆ. ಆ ಭೇದ ಇಲ್ಲೂ ಮುಖ್ಯ. 2014ರ ಮೂರನೆಯ ತೀರ್ಪು ಸಂತ್ರಸ್ತೆಯ ಹೇಳಿಕೆಯನ್ನು 24 ಗಂಟೆಯೊಳಗೆ, ಸಾಧ್ಯವಾದರೆ ಮಹಿಳಾ ಮ್ಯಾಜಿಸ್ಟ್ರೇಟರ ಮುಂದೆಯೇ ದಾಖಲಿಸಬೇಕೆಂದಿತು.

2012 ದೊಡ್ಡ ತಿರುವು. ನವೆಂಬರ್ 14ರಂದು ಪೋಕ್ಸೊ ಜಾರಿಗೆ ಬಂತು; ಡಿಸೆಂಬರಿನಲ್ಲಿ ದೆಹಲಿಯಲ್ಲಿ ನಡೆದ ಸಾಮೂಹಿಕ ಅತ್ಯಾಚಾರದ ನಂತರ ಕಾನೂನು ತಿದ್ದುಪಡಿ ಸೂಚಿಸಲು ನೇಮಕವಾದ ನ್ಯಾಯಮೂರ್ತಿ ವರ್ಮಾ ಸಮಿತಿ ಒಂದೇ ತಿಂಗಳಲ್ಲಿ ವರದಿ ಕೊಟ್ಟಿತು. 2013ರ ತಿದ್ದುಪಡಿ ಅತ್ಯಾಚಾರದ ವ್ಯಾಖ್ಯೆ ಹಿಗ್ಗಿಸಿ, ಹಿಂಬಾಲಿಸುವುದನ್ನೂ ಕದ್ದು ಚಿತ್ರ ತೆಗೆಯುವುದನ್ನೂ ಅಪರಾಧವಾಗಿಸಿ, ಒಪ್ಪಿಗೆಯ ವಯಸ್ಸನ್ನು 18ಕ್ಕೆ ಏರಿಸಿತು. ನಮ್ಮ ಹಳ್ಳಿಗಳಿಗೆ ಈ ಕೊನೆಯದೇ ಎಲ್ಲಕ್ಕಿಂತ ಭಾರವಾದದ್ದು. ಹದಿನೇಳರ ಹುಡುಗಿ ಇಪ್ಪತ್ತರ ಹುಡುಗನ ಜೊತೆ ಓಡಿಹೋದರೆ, ಆಕೆ ತಾನಾಗಿಯೇ ಹೋದೆ ಎಂದರೂ ಕಾನೂನಿನ ಕಣ್ಣಲ್ಲಿ ಅದು ಒಪ್ಪಿಗೆಯಲ್ಲ. ಮನೆಯವರು ಕೊಡುವ ನಾಪತ್ತೆ ದೂರು ಮೊದಲು ಅಪಹರಣವಾಗುತ್ತದೆ, ಆಮೇಲೆ ಪೋಕ್ಸೊ ಸೇರುತ್ತದೆ. 2019ರ ತಿದ್ದುಪಡಿಯ ಬಳಿಕ ಕನಿಷ್ಠ ಶಿಕ್ಷೆ 10 ವರ್ಷ. ಹುಡುಗಿ 16ರ ಒಳಗಿದ್ದರೆ 20.

ಇದರ ನೋವು ಧಾರವಾಡ ಪೀಠದ ಮುಂದೆಯೇ ಬಂತು. 2017ರಲ್ಲಿ 17 ವರ್ಷದ ಹುಡುಗಿಯೊಬ್ಬಳು ಮೆಚ್ಚಿದವನ ಜೊತೆ ಹೋಗಿದ್ದಳು. ವಿಚಾರಣೆಯಲ್ಲಿ ಸಾಕ್ಷಿಗಳೆಲ್ಲ ಪ್ರತಿಕೂಲವಾದರು, ಆತ ಬಿಡುಗಡೆಯಾದ. ಸರ್ಕಾರದ ಮೇಲ್ಮನವಿ ತೀರ್ಮಾನವಾಗುವ ಹೊತ್ತಿಗೆ ಇಬ್ಬರೂ ಮದುವೆಯಾಗಿ ಇಬ್ಬರು ಮಕ್ಕಳನ್ನು ಸಾಕುತ್ತಿದ್ದರು. 2022ರ ನವೆಂಬರಿನಲ್ಲಿ ನ್ಯಾಯಮೂರ್ತಿಗಳಾದ ಸೂರಜ್ ಗೋವಿಂದರಾಜ್ ಮತ್ತು ಜಿ. ಬಸವರಾಜ ಅವರ ಪೀಠ ಬಿಡುಗಡೆಯನ್ನು ಎತ್ತಿಹಿಡಿದು, ವಯಸ್ಸಿನ ಮಾನದಂಡವನ್ನು ಮರುಯೋಚಿಸುವಂತೆ ಕಾನೂನು ಆಯೋಗಕ್ಕೆ ಹೇಳಿತು. ಒಂಬತ್ತನೇ ತರಗತಿಯಿಂದಾಚೆಯ ಮಕ್ಕಳಿಗೆ ಈ ಕಾನೂನನ್ನು ಕಲಿಸಲು ಪಠ್ಯ ಸಿದ್ಧಪಡಿಸಬೇಕೆಂದು ಶಿಕ್ಷಣ ಇಲಾಖೆಗೂ ಆದೇಶಿಸಿತು. ಆ ಬಳಿಕ ಆಯೋಗದ ಅಧ್ಯಕ್ಷರಾದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ಮುಖ್ಯ ನ್ಯಾಯಮೂರ್ತಿ ರಿತುರಾಜ್ ಅವಸ್ಥಿ. 2023ರ 283ನೇ ವರದಿ ವಯಸ್ಸು ಇಳಿಸಬಾರದು ಎಂದಿತು. 16ರಿಂದ 18ರ ನಡುವಿನವರ ಮೌನಸಮ್ಮತಿ ಇದ್ದ ಪ್ರಕರಣಗಳಲ್ಲಿ ಮಾತ್ರ ಶಿಕ್ಷೆ ಕಡಿಮೆ ಮಾಡಲು ನ್ಯಾಯಾಧೀಶರಿಗೆ ಅವಕಾಶ ಕೊಡಿ ಎಂದು ಶಿಫಾರಸು ಮಾಡಿತು.

ನನಗೆ ಆ ಶಿಫಾರಸು ಸರಿ ಕಾಣುತ್ತದೆ. ವಯಸ್ಸನ್ನೇ ಇಳಿಸಿದರೆ ಅದರ ಲಾಭ ಪ್ರೀತಿಸಿದ ಹುಡುಗನಿಗಷ್ಟೇ ಸಿಗುವುದಿಲ್ಲ, ಬಾಲ್ಯವಿವಾಹ ಮಾಡಿಸುವವನಿಗೂ ಹುಡುಗಿಯನ್ನು ಸಾಗಿಸುವ ದಲ್ಲಾಳಿಗೂ ಸಿಗುತ್ತದೆ. ಬಾಲ್ಯವಿವಾಹ ತಡೆಯುವ ವಿಷಯದಲ್ಲಿ ಕರ್ನಾಟಕ ಮುಂದಿದೆ. ಬಾಲ್ಯವಿವಾಹ ತಡೆ ಕುರಿತ ನ್ಯಾಯಮೂರ್ತಿ ಶಿವರಾಜ ಪಾಟೀಲ ಸಮಿತಿಯ ವರದಿಯ ಬೆನ್ನಿಗೆ ಬಂದ 2016ರ ರಾಜ್ಯ ತಿದ್ದುಪಡಿ ಬಾಲ್ಯವಿವಾಹವನ್ನು ಮೂಲದಿಂದಲೇ ಅಸಿಂಧು ಎಂದಿತು. ಹೆಂಡತಿ 18ರ ಒಳಗಿನವಳಾದರೆ ಗಂಡನ ಕೃತ್ಯವೂ ಅತ್ಯಾಚಾರವೇ ಎಂದು 2017ರಲ್ಲಿ ತೀರ್ಪು ಕೊಟ್ಟ ಸುಪ್ರೀಂ ಕೋರ್ಟ್ ಈ ತಿದ್ದುಪಡಿಯನ್ನು ಮೆಚ್ಚಿ, ಇತರ ರಾಜ್ಯಗಳೂ ಹೀಗೆ ಮಾಡಬೇಕೆಂದಿತು. ಹಾಗಾಗಿ ಕೇಸಿಗೆ ಹೆದರಿ ಅಪ್ರಾಪ್ತೆಗೆ ತರಾತುರಿಯಲ್ಲಿ ತಾಳಿ ಕಟ್ಟಿಸಿದರೆ ಒಂದು ಅಪರಾಧಕ್ಕೆ ಎರಡನೆಯದು ಸೇರುತ್ತದೆ. ರಾಜಿಪತ್ರವೂ ರಕ್ಷಣೆಯಲ್ಲ, ಇಂಥ ಪ್ರಕರಣವನ್ನು ರಾಜಿಯ ಮೇಲೆ ರದ್ದುಮಾಡಲಾಗದೆಂದು ಸುಪ್ರೀಂ ಕೋರ್ಟ್ 2024ರ ನವೆಂಬರಿನಲ್ಲಿ ಹೇಳಿದೆ. ವಿಷಯ ಗೊತ್ತಿದ್ದೂ ಪೊಲೀಸರಿಗೆ ತಿಳಿಸದಿದ್ದರೆ ಪೋಕ್ಸೊದಲ್ಲಿ ಅದೇ ಒಂದು ಅಪರಾಧ. ರಾಜಿಗೆ ಕೂರುವ ಹಿರಿಯರು ಇದನ್ನು ತಿಳಿಯಬೇಕು.

ಹಾಗಾದರೆ ಆರೋಪ ಹೊತ್ತವನಿಗೆ ಉಳಿದ ದಾರಿ ಯಾವುದು? ಸತ್ಯಾಂಶಗಳ ದಾರಿ. ಮೊದಲು ಘಟನೆಯ ದಿನಾಂಕ ನೋಡಬೇಕು: 2024ರ ಜುಲೈ 1ಕ್ಕಿಂತ ಹಿಂದಿನದಾದರೆ ಹಳೆಯ ದಂಡ ಸಂಹಿತೆ, ಮುಂದಿನದಾದರೆ ನ್ಯಾಯ ಸಂಹಿತೆ. ಆಮೇಲೆ ವಯಸ್ಸು. ಬಾಲನ್ಯಾಯ ಕಾಯ್ದೆಯ 94ನೇ ಕಲಮಿನ ಪ್ರಕಾರ ಶಾಲೆಯ ಜನ್ಮದಿನಾಂಕ ಪ್ರಮಾಣಪತ್ರ ಅಥವಾ ಹತ್ತನೇ ತರಗತಿಯ ಪ್ರಮಾಣಪತ್ರ ಮೊದಲು, ಅದಿಲ್ಲದಿದ್ದರೆ ಪುರಸಭೆ, ಪಂಚಾಯ್ತಿಯ ಜನನ ಪ್ರಮಾಣಪತ್ರ, ಅದೂ ಇಲ್ಲದಿದ್ದರೆ ಮೂಳೆ ಪರೀಕ್ಷೆ. ಬರೀ ಶಾಲೆಯ ವರ್ಗಾವಣೆ ಪತ್ರ ಸಾಲದೆಂದು 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಶಾಲೆಗೆ ಸೇರಿಸುವಾಗ ಅಂದಾಜಿನ ತಾರೀಖು ಬರೆಸುವ ರೂಢಿ ಇರುವ ಕಡೆ ಇದೊಂದೇ ಅಂಶದ ಮೇಲೆ ಪ್ರಕರಣ ತಿರುಗಬಹುದು. ಹುಡುಗನಿಗೇ 18 ತುಂಬದಿದ್ದರೆ ಆತ ಹೋಗಬೇಕಾದ್ದು ಬಾಲನ್ಯಾಯ ಮಂಡಳಿಗೆ, ಜೈಲಿಗಲ್ಲ.

ಪೋಕ್ಸೊದಲ್ಲಿ ಆರೋಪಿಯ ವಿರುದ್ಧ ಪೂರ್ವಭಾವನೆ ಇದೆ, ನಿಜ. ಆದರೆ ಮೂಲ ಸಂಗತಿಗಳನ್ನು ಸರ್ಕಾರವೇ ಮೊದಲು ಸಾಬೀತು ಮಾಡಬೇಕು. ಸಂತ್ರಸ್ತೆಯೊಬ್ಬಳ ಮಾತೇ ಶಿಕ್ಷೆಗೆ ಸಾಕು, ಆದರೆ ಅದು ಮೊದಲಿಂದ ಕೊನೆಯವರೆಗೆ ಗಟ್ಟಿಯಾಗಿ ನಿಲ್ಲುವ ಮಾತಾಗಿರಬೇಕು. ಆದ್ದರಿಂದ ಎಫ್‌ಐಆರ್, ಮ್ಯಾಜಿಸ್ಟ್ರೇಟರ ಮುಂದಿನ ಹೇಳಿಕೆ, ವೈದ್ಯಕೀಯ ವರದಿ, ಮೊಬೈಲ್ ದಾಖಲೆಗಳ ನಡುವಿನ ವ್ಯತ್ಯಾಸವನ್ನು ಪಾಟಿ ಸವಾಲಿನಲ್ಲಿ ಕೇಳುವುದು ವಕೀಲರ ಕರ್ತವ್ಯ. ಆಕೆಯ ಹಿಂದಿನ ಸಂಬಂಧಗಳನ್ನು ಕೆದಕಲು ಕಾನೂನೇ ಬಿಡದು. 16ರ ಒಳಗಿನವಳ ಮೇಲಿನ ಅತ್ಯಾಚಾರ ಹಾಗೂ 18ರ ಒಳಗಿನವಳ ಮೇಲಿನ ಸಾಮೂಹಿಕ ಅತ್ಯಾಚಾರದಲ್ಲಿ ನಿರೀಕ್ಷಣಾ ಜಾಮೀನು ಇಲ್ಲ. ಪರಿಶಿಷ್ಟರ ಮೇಲಿನ ದೌರ್ಜನ್ಯ ಕಾಯ್ದೆ ಸೇರಿದರೂ ಅದು ಸಿಗುವುದು ಬಹಳ ಕಷ್ಟ. ಏನೇ ಇದ್ದರೂ ದೂರು ಕೊಟ್ಟವರ ಮನೆಗೆ ಹೋಗಿ ಮಾತಾಡಿಸುವುದು, ಹಣ ಕಳಿಸುವುದು, ಬೆದರಿಸುವುದು ಬೇಡ. ಅಷ್ಟಾದರೆ ಜಾಮೀನು ಕೈತಪ್ಪುತ್ತದೆ, ಹೊಸ ಪ್ರಕರಣವೂ ಬೀಳುತ್ತದೆ.

ವಕೀಲರ ಫೀಜಿಗೆ ಹೊಲ ಒತ್ತೆ ಇಡುವ ಮುನ್ನ ಒಂದು ಮಾತು ತಿಳಿದಿರಲಿ. ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಬಂಧನದಲ್ಲಿ ಇರುವ ಯಾರಿಗೇ ಆಗಲಿ, ಆದಾಯ ಎಷ್ಟೇ ಇದ್ದರೂ ವಕೀಲರ ನೆರವು ಉಚಿತ. ದೂರುದಾರೆಗೂ ಆರೋಪಿಗೂ ಇದು ಒಂದೇ. ತಾಲ್ಲೂಕು ನ್ಯಾಯಾಲಯದ ಕಾನೂನು ಸೇವಾ ಸಮಿತಿಯಲ್ಲಿ ಕೇಳಬಹುದು, ಅಥವಾ 15100ಕ್ಕೆ ಕರೆ ಮಾಡಬಹುದು.