ಹುಲಿ ಬಾರ್ಬ್, ಗುರಾಮಿ ಮತ್ತು ಗಂಡಿಪೇಟೆ ನೀರು

ಹೈದರಾಬಾದಿನಲ್ಲಿ ಮೀನು ಅಂದ ಕೂಡಲೇ ಜನಕ್ಕೆ ನೆನಪಾಗುವುದು ಮೃಗಶಿರಾ ಕಾರ್ತೆಗೆ ನಾಂಪಲ್ಲಿಯಲ್ಲಿ ಆಸ್ತಮಾದವರಿಗೆ ಕೊಡುವ ಮೀನಿನ ಮದ್ದು. ನಮ್ಮ ಮನೆಯಲ್ಲಿ ಮಾತ್ರ ಮೀನು ಅಂದರೆ ಒಂದು ಹಳೇ ಸಂಕಟ.

ಮಗಳು ಏಳನೇ ಕ್ಲಾಸಿನಲ್ಲಿದ್ದಾಗ ಆಗ್ನೇಯ ಏಷ್ಯಾದ ನಕ್ಷೆ ಬರೆದಿದ್ದಳು. ಮೂರಡಿ ಉದ್ದದ ಗಾಜಿನ ತೊಟ್ಟಿ ತಂದಾಗ, ಆ ನಕ್ಷೆಯ ಮೀನುಗಳೇ ಬೇಕೆಂದು ಹಟ ಹಿಡಿದಳು. ಅಂಗಡಿಯವನು ಆರು ಟೈಗರ್ ಬಾರ್ಬ್, ಎರಡು ಪರ್ಲ್ ಗುರಾಮಿ, ಒಂದು ಬೆಟ್ಟಾ (ಫೈಟರ್ ಅಂತಾರಲ್ಲ, ಅದು) ಕವರಿಗೆ ತುಂಬಿದ. ಜಗಳ ಆಡಲ್ವಾ ಅಂದೆ. "ಕುಛ್ ನೈ ಹೋತಾ ಸಾಬ್, ಸಬ್ ಏಕಿಚ್ ಮುಲುಕ್ ಕೆ ಹೈಂ" ಅಂದ. ಮೂರನೇ ದಿನ ಬೆಟ್ಟಾದ ಬಾಲ ಚಿಂದಿ. ಐದನೇ ದಿನ ಅದು ತೇಲುತ್ತಿತ್ತು. ಗುರಾಮಿಗಳ ದಾರದಂಥ ಮೀಸೆಗಳೂ ಮೊಟಕಾಗಿದ್ದವು.

"ಅಪ್ಪಾ, ಎಲ್ಲಾ ಒಂದೇ ಊರಿನವು ಅಂದ್ರಲ್ಲಾ, ಮತ್ಯಾಕೆ ಕಚ್ಚಾಡಿದ್ವು?" ಅಂದಳು ಮಗಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಹುಡುಕುತ್ತಾ ಹೋದರೆ ಅದು ಇತಿಹಾಸದಲ್ಲಿ ಸಿಕ್ಕಿತು.

ಈ ಮೀನುಗಳ "ಊರು" ಬರೆದಿಟ್ಟವರಲ್ಲಿ ಮುಖ್ಯ ಪೀಟರ್ ಬ್ಲೀಕರ್ ಎಂಬ ಡಚ್ ಸೇನಾ ವೈದ್ಯ. 1842ರಲ್ಲಿ ಬಟಾವಿಯಾಕ್ಕೆ, ಅಂದರೆ ಇಂದಿನ ಜಕಾರ್ತಾಕ್ಕೆ ಬಂದವನು 1860ರವರೆಗೆ ಅಲ್ಲಿದ್ದ. ಸಂತೆಯಲ್ಲಿ ಮೀನು ಕೊಳ್ಳುವುದು, ದೂರದ ದ್ವೀಪಗಳಲ್ಲಿದ್ದ ಅಧಿಕಾರಿಗಳಿಂದ ತರಿಸಿಕೊಳ್ಳುವುದು, ವಿವರ ಬರೆಯುವುದು, ಇದೇ ಗೀಳು. ಸುಮಾರು 1,900 ಹೊಸ ಜಾತಿಗಳನ್ನು ವರ್ಣಿಸಿದ. ಪರ್ಲ್ ಗುರಾಮಿ, ಕ್ಲೌನ್ ಲೋಚ್ ಎರಡೂ 1852ರಲ್ಲಿ, ಟೈಗರ್ ಬಾರ್ಬ್ 1855ರಲ್ಲಿ ಅವನ ಪಟ್ಟಿ ಸೇರಿದವು. ಮೂರೂ ಸುಮಾತ್ರಾದಲ್ಲಿ ಸಿಗುತ್ತವೆ. ಆದರೆ ಒಂದು ದ್ವೀಪ ಅಂದರೆ ಒಂದೇ ನೀರಲ್ಲವಲ್ಲ! ಬಾರ್ಬ್ ಹೊಳೆ-ತೊರೆಗಳಲ್ಲಿ ಗುಂಪಾಗಿ ಓಡಾಡುವ ಮೀನು. ಗುರಾಮಿ ಗಿಡಗಂಟಿ ತುಂಬಿದ ನಿಧಾನ ನೀರಲ್ಲಿ ಮೆಲ್ಲಗೆ ತಡಕಾಡುವ ಮೀನು. ಹಾರಾಡುವ ಉದ್ದ ರೆಕ್ಕೆ ಕಂಡರೆ ಬಾರ್ಬಿಗೆ ಕಚ್ಚದೆ ಇರಲಾಗದು.

ಬೆಟ್ಟಾದ ಕಥೆ ಇನ್ನೂ ಬೇರೆ. ಸಯಾಮಿನಲ್ಲಿ ಅದನ್ನು ಜೂಜಿನ ಕಾಳಗಕ್ಕೆಂದೇ ತಲೆಮಾರುಗಟ್ಟಲೆ ಸಾಕಿ ಆರಿಸಿದ್ದರು. ಈಗಿನ ಹೆಸರು ಬೆಟ್ಟಾ ಸ್ಪ್ಲೆಂಡೆನ್ಸ್ ಕೊಟ್ಟದ್ದು 1910ರಲ್ಲಿ, ಬ್ರಿಟಿಷ್ ವಿಜ್ಞಾನಿ ಟೇಟ್ ರೀಗನ್. 2019ರಲ್ಲಿ ಥಾಯ್ಲೆಂಡ್ ಅದನ್ನು ತನ್ನ ರಾಷ್ಟ್ರೀಯ ಜಲಚರ ಎಂದು ಘೋಷಿಸಿತು. ಗಂಡಿಗೆ ಗಂಡನ್ನು ಕಂಡರಾಗದು ಎಂದು ಎಲ್ಲರಿಗೂ ಗೊತ್ತು. ಅದರ ಉದ್ದ ಬಾಲವೇ ಬೇರೆ ಮೀನುಗಳಿಗೆ ಆಟದ ವಸ್ತು ಎಂಬುದು ನನಗೆ ಗೊತ್ತಿರಲಿಲ್ಲ.

ಅಂಗಡಿಯ "ಮುಲುಕ್" ಕೂಡ ಎಷ್ಟು ಸುಳ್ಳು ನೋಡಿ. ಡ್ವಾರ್ಫ್ ಗುರಾಮಿಯನ್ನು ಆಗ್ನೇಯ ಏಷ್ಯಾದ್ದೆಂದು ಮಾರುತ್ತಾರೆ. ಅದು ನಮ್ಮ ಗಂಗಾ-ಬ್ರಹ್ಮಪುತ್ರಾ ಬಯಲಿನ ಮೀನು. 1822ರಲ್ಲಿ ಅದನ್ನು ಪುಸ್ತಕಕ್ಕೆ ತಂದವನು ಫ್ರಾನ್ಸಿಸ್ ಬುಕಾನನ್-ಹ್ಯಾಮಿಲ್ಟನ್. ಹೌದು, ಟಿಪ್ಪು ಮಡಿದ ಮೇಲೆ 1800-01ರಲ್ಲಿ ನಮ್ಮ ಮೈಸೂರು ಸೀಮೆಯನ್ನೆಲ್ಲ ಸುತ್ತಿ ಬರೆದ ಅದೇ ಬುಕಾನನ್! ಇನ್ನು ಪಾಚಿ ತಿನ್ನಲೆಂದು ಎಲ್ಲರೂ ತರುವ "ಸಕ್ಕರ್" ದಕ್ಷಿಣ ಅಮೆರಿಕದ್ದು. ಬೆಳೆದು ದೊಡ್ಡದಾಯಿತೆಂದು ಜನ ಕೆರೆಗೆ ಬಿಟ್ಟು, ಈಗ ಆಂಧ್ರದ ಕೆರೆ-ಕಾಲುವೆಗಳಲ್ಲಿ ಬೆಸ್ತರ ಬಲೆ ಹರಿಯುವ ಪಿಡುಗಾಗಿದೆ. ದಯವಿಟ್ಟು ಬೇಡವಾದ ಮೀನನ್ನು ಕೆರೆಗೆ ಹಾಕಬೇಡಿ.

ಹಾಗಾದರೆ ಯಾವುದಕ್ಕೆ ಯಾವುದು ಜೊತೆ? ನಕ್ಷೆ ಬಿಟ್ಟು ಮೂರು ಸಂಗತಿ ನೋಡಬೇಕು: ನೀರು, ಗಾತ್ರ, ಸ್ವಭಾವ.

ಮೊದಲು ನೀರು. 1908ರ ಸೆಪ್ಟೆಂಬರ್ 28ರ ಮೂಸಿ ಪ್ರವಾಹ ಸಾವಿರಾರು ಜನರನ್ನು ಬಲಿ ತೆಗೆದುಕೊಂಡ ಮೇಲೆ ನಿಜಾಮರು ಕರೆಸಿದ್ದು ನಮ್ಮ ವಿಶ್ವೇಶ್ವರಯ್ಯನವರನ್ನು. ಅವರ ಸಲಹೆಯಿಂದ ಕಟ್ಟಿದ ಉಸ್ಮಾನ್ ಸಾಗರ 1920ರಲ್ಲಿ, ಹಿಮಾಯತ್ ಸಾಗರ 1927ರಲ್ಲಿ ಮುಗಿದವು. ಹಳಬರಿಗೆ ಇಂದಿಗೂ ಕುಡಿಯುವ ನೀರು ಅಂದರೆ "ಗಂಡಿಪೇಟೆ ನೀರು". ಈಗ ಮಂಜೀರಾ, ಕೃಷ್ಣಾ, ಗೋದಾವರಿ ನೀರೂ ಬರುತ್ತದೆ. ನಲ್ಲಿಯ ಈ ನೀರು ನಮ್ಮ ಬಂಡೆಗಲ್ಲಿನ ಬೋರ್‌ವೆಲ್ ನೀರಿಗಿಂತ ಸಾಮಾನ್ಯವಾಗಿ ಮೃದು. ಸುಮಾತ್ರಾ, ಮಲಯಾ ಕಡೆಯ ಬಹಳಷ್ಟು ಮೀನುಗಳಿಗೆ ಬೇಕಾದದ್ದೂ ಮೃದು ನೀರೇ. ಕ್ಲೋರಿನ್ ಹೋಗುವ ಹಾಗೆ ಔಷಧಿ ಹಾಕಿ ಬಿಟ್ಟರಾಯಿತು. ಅಂದ ಹಾಗೆ ಇಲ್ಲಿನ ಅಂಗಡಿಗಳಿಗೆ ಬರುವ ಎಷ್ಟೋ ಮೀನು ಚೆನ್ನೈಯ ಕೊಳತ್ತೂರಿನ ತೊಟ್ಟಿಗಳಲ್ಲಿ ಹುಟ್ಟಿದವು. ಸ್ವಲ್ಪ ಗಡಸು ನೀರು ತಡೆಯುತ್ತವೆ.

ಆಮೇಲೆ ಗಾತ್ರ. ನಮ್ಮ ತೊಟ್ಟಿ ಸುಮಾರು 130 ಲೀಟರ್. ಅಂಗಡಿಯಲ್ಲಿ ಬೆರಳುದ್ದ ಇರುವ ಕ್ಲೌನ್ ಲೋಚ್ ಒಂದಡಿ ಬೆಳೆಯಬಲ್ಲದು, ಅದು ಬೇಡ. ಕೆಂಪು ಬಾಲದ "ಶಾರ್ಕ್" (ಶಾರ್ಕ್ ಅಲ್ಲ, ಕೆಂಡೆ ಜಾತಿ) ತನ್ನಂತೆ ಕಾಣುವವರನ್ನೆಲ್ಲ ಅಟ್ಟಾಡಿಸುತ್ತದೆ, ಅದೂ ಬೇಡ. ಸಯಾಮ್ ಸರ್ಕಾರದ ಮೀನುಗಾರಿಕೆ ತಜ್ಞ ಎಚ್.ಎಂ. ಸ್ಮಿತ್ 1931ರಲ್ಲಿ ವರ್ಣಿಸಿದ ಈ ಮೀನು, ಅಂಗಡಿಗಳಲ್ಲಿ ಬೇಕಾದಷ್ಟಿದ್ದರೂ, ಥಾಯ್ಲೆಂಡಿನ ನದಿಗಳಲ್ಲಿ ಅಳಿವಿನಂಚಿನಲ್ಲಿದೆ.

ಕೊನೆಗೆ ಸ್ವಭಾವ. ಟೈಗರ್ ಬಾರ್ಬ್ ಕೆಟ್ಟದ್ದಲ್ಲ. ಹತ್ತು-ಹನ್ನೆರಡು ಒಟ್ಟಿಗಿದ್ದರೆ ಜಗಳ ಬಹುಮಟ್ಟಿಗೆ ತಮ್ಮತಮ್ಮಲ್ಲೇ. ಆದರೆ ಉದ್ದ ರೆಕ್ಕೆಯವರ ಜೊತೆ ಬೇಡ. ಗುರಾಮಿ ಬೇಕಿದ್ದರೆ ಹಾರ್ಲೆಕ್ವಿನ್ ರಾಸ್ಬೋರಾ ತನ್ನಿ, ಎಂಟು-ಹತ್ತರ ಗುಂಪು. ತಳಕ್ಕೆ ನುಣ್ಣನೆ ಮರಳು, ಅದರಲ್ಲಿ ಐದಾರು ಕೂಲಿ ಲೋಚ್. ಕೂಲಿ ಕೆಲಸದ ಕೂಲಿಯಲ್ಲ! ಹೈನ್ರಿಕ್ ಕೂಲ್ ಎಂಬ ಜರ್ಮನ್ ಹುಡುಗ ಜಾವಾಕ್ಕೆ ಹೋಗಿ ವರ್ಷ ತುಂಬುವುದರೊಳಗೆ 1821ರಲ್ಲಿ, 23ನೇ ವಯಸ್ಸಿಗೆ ತೀರಿಕೊಂಡ. 1846ರಲ್ಲಿ ಈ ಹಾವಿನಂಥ ಪುಟ್ಟ ಮೀನಿಗೆ ಅವನ ಹೆಸರಿಟ್ಟರು. ಪರದೇಶದಲ್ಲಿ ಮಣ್ಣಾದವನು ಮೀನಿನ ಹೆಸರಲ್ಲಿ ಉಳಿದ.

ನಮ್ಮ ತೊಟ್ಟಿಯಲ್ಲಿ ಈಗಿರುವುದು ಇವೇ: ಮೇಲೆ ಮೂರು ಪರ್ಲ್ ಗುರಾಮಿ, ನಡುವೆ ಒಂಬತ್ತು ರಾಸ್ಬೋರಾ, ಕೆಳಗೆ ಆರು ಕೂಲಿ. ಮೇ ತಿಂಗಳ ಬೇಸಿಗೆಯಲ್ಲಿ ನೀರು ಕಾದು ಆಮ್ಲಜನಕ ಕಮ್ಮಿಯಾದಾಗ ಗುರಾಮಿ ಮೇಲೆ ಬಂದು ಗಾಳಿ ಗುಟುಕರಿಸುತ್ತದೆ. ನಾಂಪಲ್ಲಿಯ ಮದ್ದಿನ ಕೊರಮೀನೂ ಅದರ ದೂರದ ನೆಂಟನೇ, ಅದೂ ಹೀಗೇ ಉಸಿರಾಡುತ್ತದೆ. ರಾಸ್ಬೋರಾಕ್ಕೆ ಆ ಅನುಕೂಲ ಇಲ್ಲ. ಅದಕ್ಕೇ ಕರೆಂಟು ಹೋದರೆ ಬ್ಯಾಟರಿ ಪಂಪು ಹಾಕಲು ನಾನು ನಡುರಾತ್ರಿಯಲ್ಲೂ ಏಳುತ್ತೇನೆ.

ಮಗಳು ಈಗ ಪುಣೆಯಲ್ಲಿದ್ದಾಳೆ. ವಾರಕ್ಕೊಮ್ಮೆ ಫೋನಿನಲ್ಲಿ "ಯಾರೂ ಕಚ್ಚಾಡ್ತಿಲ್ಲ ತಾನೇ?" ಅಂತ ವಿಚಾರಿಸುತ್ತಾಳೆ. ಇಲ್ಲಮ್ಮಾ ಅನ್ನುತ್ತೇನೆ. ಆ ಬೆಟ್ಟಾವನ್ನು ಇಬ್ಬರೂ ಮರೆತಿಲ್ಲ.